ಬಾಣಂತಿ ಕೋಣೆಯ ಬಿಸಿಗಾಳಿ

ಇಂಥ ಸಂಗತಿ ಹೇಳುವವರನ್ನು ನಾನು ಬಹಳ ವರ್ಷ ಗೇಲಿ ಮಾಡಿದ್ದೇನೆ. ಈಗ ಹೇಳುವ ಸರದಿ ನನ್ನದು. ನಾಲ್ಕೈದು ಬಾರಿ ಹೇಳಿಯೂ ಆಗಿದೆ. ಹೇಳಿದಂತೆಲ್ಲ ಅದು ಚೊಕ್ಕವಾಗುತ್ತ ಹೋಗುತ್ತದೆ. ನನಗೆ ಅನುಮಾನ ಅಲ್ಲಿಯೇ. ಗೊತ್ತಿಲ್ಲದ ಕಡೆ ಗೊತ್ತಿಲ್ಲ ಎಂದೇ ಬರೆಯುತ್ತೇನೆ.

ಶಹಾಪುರದಲ್ಲಿ ನಮ್ಮದು ಎರಡು ಕೋಣೆಯ ಮನೆ. ಮೇ ತಿಂಗಳು. ಹೆಂಡತಿಗೆ ತಾಯಿ ಇರಲಿಲ್ಲ, ಹಾಗಾಗಿ ಬಾಣಂತನಕ್ಕೆ ತಿಂಥಣಿಯಿಂದ ನನ್ನ ತಾಯಿಯ ಅಕ್ಕ, ದೊಡ್ಡವ್ವ, ಬಂದಿದ್ದಳು. ಮಗಳು ದಿನ ತುಂಬುವ ಮೊದಲೇ ಹುಟ್ಟಿ ಅಂಗೈಯಷ್ಟಿದ್ದಳು. ದೊಡ್ಡವ್ವ ಬಂದವಳೇ ಬಾಣಂತಿ ಮಲಗುವ ಹೊರಸಿನ ಕೆಳಗೆ ಕೆಂಡದ ಅಗ್ಗಿಷ್ಟಿಗೆ ಇಟ್ಟು ಅಜವಾನ ಉದುರಿಸಿದಳು. ಹೊರಗೆ ಡಾಂಬರು ಕರಗುವ ಬಿಸಿಲು, ಒಳಗೆ ಕೆಂಡ. ನಾನು ಅದನ್ನು ತೆಗೆಸಿ, ಯಾದಗಿರಿಯಿಂದ ಸ್ಪ್ಲಿಟ್ ಎಸಿ ತರಿಸಿ ಗೋಡೆಗೆ ಹಾಕಿಸಿದೆ.

"ಯಪ್ಪಾ, ಹಸಿ ಬಾಣಂತಿ ಮೈಗಿ ಥಂಡಿ ಗಾಳಿ ಹಿಡಸ್ತೀಯೇನೋ? ಕೂಸೇನು ಐಸ್‌ಕ್ಯಾಂಡಿ ಏನು?"

"ಕಾಲ ಬದಲಾಗ್ಯಾದ ದೊಡ್ಡವ್ವ, ನೀ ಸುಮ್ಮ ಕೂಡು," ಎಂದೆ. ಅವಳು ಸೆರಗಿನಿಂದ ಕಿವಿ ಬಿಗಿದುಕೊಂಡು ಹೊಸ್ತಿಲಾಚೆ ಹೋಗಿ ಕುಳಿತಳು.

ಎಸಿ ಹಾಕಿಸಿದ ಮೂರನೆಯ ಮಧ್ಯಾಹ್ನ ಊಟಕ್ಕೆ ಬಂದಾಗ ಮಗು ಹಾಲು ಕುಡಿಯುತ್ತಿರಲಿಲ್ಲ. ಅಳುವೂ ಇಲ್ಲ. ಪಾದ ಮುಟ್ಟಿದರೆ ನೀರು ತುಂಬಿದ ಮಣ್ಣಿನ ಗಡಿಗೆಯಂತೆ ತಣ್ಣಗೆ. ಎಸಿಯನ್ನು ಇಪ್ಪತ್ತಕ್ಕೆ ಇಟ್ಟವನು ನಾನೇ. ರಿಮೋಟ್ ಎತ್ತಿಕೊಂಡೆ, ಆರಿಸಿದೆನೋ ಇಲ್ಲವೋ, ಇಂದಿಗೂ ಆಣೆ ಮಾಡಿ ಹೇಳಲಾರೆ. ಆಟೋ ತರಲು ಓಡಿದೆ.

ಹತ್ತು ನಿಮಿಷದಲ್ಲಿ ಮರಳಿ ಬಾಗಿಲು ತೆರೆದಾಗ ಮುಖಕ್ಕೆ ಬಿಸಿ ಬಡಿಯಿತು. ಎಸಿ ನಡೆಯುತ್ತಿತ್ತು, ಅದರ ಬಾಯಿಯ ಪಟ್ಟಿ ಮೇಲೆ ಕೆಳಗೆ ಆಡುತ್ತಿತ್ತು. ಕೈ ಒಡ್ಡಿದೆ. ಬಿಸಿಲಿನ ಬಿಸಿಯಲ್ಲ, ಕೆಂಡದ ಮೇಲಿಂದ ಬರುವಂಥದು. ಅಜವಾನದ ವಾಸನೆಯೂ ಇತ್ತೆಂದು ನೆನಪು. ಅದನ್ನು ಆಮೇಲೆ ನಾನೇ ಸೇರಿಸಿಕೊಂಡಿರಬಹುದು. ಮಗಳು ಹಾಲು ಕುಡಿಯುತ್ತಿದ್ದಳು. ಪಾದ ಬೆಚ್ಚಗಿದ್ದವು. ಅದೇ ಆಟೋದಲ್ಲಿ ಆಸ್ಪತ್ರೆಗೆ ಒಯ್ದೆವು. ಹೆದರುವಂಥದ್ದೇನಿಲ್ಲ, ಬೆಚ್ಚಗಿಡಿ ಎಂದಷ್ಟೇ ಹೇಳಿ ಕಳಿಸಿದರು.

ಸಂತೋಷಪಡಬೇಕಿತ್ತು. ನಾನು ಮನೆಗೆ ಬಂದು ದೊಡ್ಡವ್ವನ ಮೇಲೆ ಹರಿಹಾಯ್ದೆ. "ಒಳಗ ಕೆಂಡ ಒಯ್ದಿದ್ದೇನು? ಮಷೀನಿಗಿ ಏನು ಮಾಡಿದಿ?"

"ಅವರು ಹೊಸ್ತಿಲ ದಾಟೇ ಇಲ್ರಿ. ತಾನಾಗೇ ಬೆಚ್ಚಗಾತು," ಎಂದಳು ಹೆಂಡತಿ. ನಾನು ಕೇಳಿಸಿಕೊಳ್ಳಲಿಲ್ಲ. ದೊಡ್ಡವ್ವ ಸೀರೆ ಗಂಟು ಕಟ್ಟಿಕೊಂಡು ಸಂಜೆ ಬಸ್ಸಿಗೆ ಹೊರಟುಹೋದಳು. ಆಮೇಲೆ ಅಂಗಿ ಬಿಚ್ಚುವಾಗ ಜೇಬಿನಲ್ಲಿ ರಿಮೋಟ್ ಸಿಕ್ಕಿತು. ಆಟೋ ತರಲು ಹೋದಾಗಲೂ ಅದು ನನ್ನ ಬಳಿಯೇ ಇತ್ತು.

ಮರುದಿನ ಮಿಸ್ತ್ರಿ ಬಂದು ಎಸಿಯನ್ನೆಲ್ಲ ಬಿಚ್ಚಿ ನೋಡಿದ. ಗ್ಯಾಸು ಪೂರ್ತಿ ಇದೆ, ಏನೂ ಕೆಟ್ಟಿಲ್ಲ ಎಂದ. ಬಿಸಿಗಾಳಿಯ ವಿಷಯ ಕೇಳಿ ನಕ್ಕುಬಿಟ್ಟ. "ಇದು ಬರೇ ಥಂಡಿ ಮಾಡೆಲ್ ರೀ ಸಾಹೇಬ್ರ. ಬೇಕಂದ್ರೂ ಬಿಸಿ ಬರಂಗಿಲ್ಲ. ನಮ್ಮ ಕಡಿ ಬಿಸಿಗಾಳಿ ಮಷೀನ್ ಯಾರು ತಗೋತಾರ, ಹೊರಗ ಪುಕ್ಕಟೆ ಸಿಗಾಕತ್ತದಲ್ಲ!"

ಮುಂದಿನ ವಾರ ತಿಂಥಣಿಗೆ, ದೊಡ್ಡವ್ವನ ಮನೆಗೆ ಹೋದೆ. ರಿಮೋಟಿನದು, ಮಿಸ್ತ್ರಿಯದು ಎಲ್ಲ ಹೇಳಿದೆ. ಅವಳು ಮೀನು ತೊಳೆಯುವುದನ್ನು ನಿಲ್ಲಿಸಲಿಲ್ಲ.

"ಮಷೀನಿಂದು ತಪ್ಪಿಲ್ಲಂತ ತಿಳಕೊಳ್ಳಾಕ ಮಿಸ್ತ್ರಿನ ಕರಸಿದಿ. ನಂದು ತಪ್ಪಿಲ್ಲಂತ ತಿಳಕೊಳ್ಳಾಕ ಯಾರನ್ನ ಕರಸಿದಿ, ತಮ್ಮಾ?"

ಅವಳು ಮತ್ತೆ ನಮ್ಮ ಮನೆಗೆ ಬಂದಿಲ್ಲ. ಎಸಿ ಅಂದಿನಿಂದ ತಣ್ಣಗಿನ ಗಾಳಿಯನ್ನೇ ಕೊಡುತ್ತಿದೆ. ಇಷ್ಟೆಲ್ಲ ಬರೆದ ಮೇಲೂ, ನಾಚಿಕೆಯಿಂದ ಹೇಳುತ್ತೇನೆ, ಅವಳೇ ಏನೋ ಮಾಡಿದ್ದಳು ಎಂದು ಒಮ್ಮೊಮ್ಮೆ ಅನ್ನಿಸುತ್ತದೆ. ಏನು ಎಂಬುದು ಮಾತ್ರ ತಿಳಿಯದು.