ನುಗ್ಗೆ ಅಂಟಿನ ಮೇಡಂ

ತರಕಾರಿ ವ್ಯಾಪಾರಕ್ಕೆ ಇಳಿಯುವವರಿಗೆ ನಾನು ಮೊದಲು ಹೇಳುವುದು ಇದು: ಕೊಳೆತದ್ದನ್ನು ಬೆಳಿಗ್ಗೆಯೇ ಆರಿಸಿ ಎಸೆಯಿರಿ, ಗಿರಾಕಿಯ ಕಣ್ಣಿಗೆ ಬೀಳಬಾರದು. ಈ ಬುದ್ಧಿವಂತಿಕೆಯೇ ಸಂಶೋಧನೆ ಮಾಡುತ್ತಿದ್ದ ಮೇಡಂ ಒಬ್ಬರ ಕೆಲಸ ಕೆಡಿಸಿತು.

ತಿಲಕ್ ನಗರದ ನನ್ನ ಅಂಗಡಿಗೆ ಅವರು ಟೊಮೆಟೊ ಕೊಳ್ಳಲು ಬರುತ್ತಿದ್ದರು. ಒಂದೊಂದನ್ನೂ ತಿರುಗಿಸಿ, ತೊಟ್ಟಿನ ಕಡೆ ಮೂಸಿ, "ಇನ್ನೊಂದ್ಸಲ ನೋಡ್ಬೇಕು" ಎನ್ನುತ್ತಿದ್ದರು. ನುಗ್ಗೆ ಮರದ ಅಂಟನ್ನು ನೀರಲ್ಲಿ ಕರಗಿಸಿ ಸವರಿದರೆ ಹಣ್ಣು ಹೆಚ್ಚು ದಿನ ತಾಳುತ್ತದೆಯೇ ಎಂಬುದು ಅವರ ಸಂಶೋಧನೆ. ಲ್ಯಾಬಿನಲ್ಲಿ ತಾಳಿತ್ತು, ಅಂಗಡಿಯ ಸೆಕೆ, ಧೂಳಿನಲ್ಲಿ ನೋಡಬೇಕಿತ್ತು. ಸವರಿದ್ದು ಒಂದು ಬುಟ್ಟಿ, ಸವರದ್ದು ಒಂದು ಬುಟ್ಟಿ ನನ್ನಲ್ಲಿಟ್ಟರು. ವಾರದೊಳಗೆ ಮೇಲಿನವರಿಗೆ ಫಲಿತಾಂಶ ಕೊಡದಿದ್ದರೆ ಕೆಲಸವೇ ನಿಲ್ಲುತ್ತದೆ ಎಂದು ಪೆನ್ನಿನ ಮುಚ್ಚಳ ಕಚ್ಚುತ್ತಾ ಹೇಳಿದ್ದರು.

ಐದನೆಯ ದಿನ ಬಂದು ನೋಡಿದರೆ ಎರಡೂ ಬುಟ್ಟಿ ಥಳಥಳ.

"ಅಣ್ಣ, ಒಂದೂ ಕೊಳೆತಿಲ್ವಾ?"

"ದಿನಾ ಆರಿಸಿ ಎಸೀತಿದ್ನಲ್ಲ ಮೇಡಂ. ನಿಮ್ದು ಅಂತ ಹಾಗೇ ಬಿಡೋಕಾಗುತ್ತಾ?"

ಅವರ ಮುಖ ಬಿಳಿಚಿತು. "ಯಾವ ಬುಟ್ಟಿಯಿಂದ ಎಷ್ಟು?"

ನಾನು ಎಣಿಸಿರಲಿಲ್ಲ. ಆದರೂ, "ಸವರದೇ ಇದ್ದದ್ರಿಂದಾನೇ ಜಾಸ್ತಿ, ಬರ್ಕೊಳ್ಳಿ" ಎಂದೆ.

ಅವರು ನನ್ನನ್ನೇ ನೋಡಿದರು. ಆಮೇಲೆ ಆ ಪುಟಕ್ಕೆ ಮೇಲಿಂದ ಕೆಳಗೆ ಗೀಟು ಎಳೆದು, "ಇನ್ನೊಂದ್ಸಲ ನೋಡ್ಬೇಕು ಅಣ್ಣ. ಇನ್ನೊಂದು ವಾರ ಟೈಮ್ ಕೇಳ್ತೀನಿ, ಕೊಟ್ರೆ ಕೊಟ್ರು" ಎಂದರು. ಅಂದೇ ಸಂಜೆ ಹೊಸದಾಗಿ ಎರಡು ಬುಟ್ಟಿ ತಂದಿಟ್ಟರು.

ಮೂರನೆಯ ದಿನ ಬೆಳಿಗ್ಗೆ ಸವರಿದ ಬುಟ್ಟಿಯಲ್ಲೇ ಒಂದು ಹಣ್ಣು ಕೊಳೆತಿತ್ತು, ಇನ್ನೊಂದರಲ್ಲಿ ಇರಲಿಲ್ಲ. ಮೇಡಂ ಬರುವ ಹೊತ್ತಾಗಿತ್ತು. ನಾನು ಅದನ್ನು ಮುಟ್ಟದೆ ಎರಡೂ ಕೈಗಳನ್ನು ಹಿಂದೆ ಕಟ್ಟಿಕೊಂಡು ನಿಂತೆ.