ಪರದೆಯ ಹಿಂದಿನ ಟ್ರಾಂಬೋನ್

ನಮ್ಮ ಬ್ಯಾಂಡು ಮೂರು ವರ್ಷ ಬದುಕಿತ್ತು. ಅದರಲ್ಲಿ ಎರಡು ವರ್ಷ ಟ್ರಾಂಬೋನ್ ಊದಿದವಳು ನಾನು. ಒಮ್ಮೆಯೂ ವೇದಿಕೆಯ ಮೇಲೆ ನಿಂತು ಊದಲಿಲ್ಲ.

ತೊಂಬತ್ತರ ದಶಕ ಮುಗಿಯುತ್ತಿದ್ದ ಕಾಲ. ನಾವೆಲ್ಲ ಮೂಡಬಿದಿರೆಯಲ್ಲಿ ಓದುತ್ತಿದ್ದೆವು. ಗಿಟಾರ್ ನುಡಿಸಿ ಹಾಡುತ್ತಿದ್ದವನು ಬಂಟ್ವಾಳದವನು. ಅವನ ಚಿಕ್ಕಪ್ಪ ದುಬಾಯಿಯಿಂದ ತಂದ ಕ್ಯಾಸೆಟ್ಟುಗಳಲ್ಲಿ ಸ್ಕಾ ಪಂಕ್ ಎಂಬ ಸಂಗೀತವಿತ್ತು. ಅದರಲ್ಲಿ ಗಿಟಾರು ತಾಳದ ಪೆಟ್ಟಿನ ಮೇಲೆ ಬೀಳುವುದಿಲ್ಲ, ಎರಡು ಪೆಟ್ಟುಗಳ ನಡುವೆ ಚುಟುಕಾಗಿ ಬೀಳುತ್ತದೆ. ಡ್ರಮ್ಮು ಜಗಳಕ್ಕೆ ಹೊರಟಂತೆ ಓಡುತ್ತದೆ. ಇವೆರಡರ ಮೇಲೆ ಟ್ರಂಪೆಟ್, ಕೊಳವೆ ಜಾರಿಸುತ್ತ ಊದುವ ಟ್ರಾಂಬೋನ್.

"ಇದು ನಿನ್ನ ಅಪ್ಪನ ಬ್ಯಾಂಡ್‌ಸೆಟ್ಟೇ ಅಲ್ವಾ ಮಾರಾಯ್ತಿ? ಸ್ವಲ್ಪ ಹುಚ್ಚು ಹಿಡಿದದ್ದು, ಅಷ್ಟೇ" ಎಂದು ಅವನು ನನ್ನನ್ನು ಕೇಳಿದ್ದ.

ಅಪ್ಪ ಬೆಳ್ತಂಗಡಿಯಲ್ಲಿ ಮದುವೆಗಳಿಗೆ, ಇಗರ್ಜಿಯ ಮೆರವಣಿಗೆಗಳಿಗೆ ಹೋಗುವ ಬ್ಯಾಂಡ್‌ಸೆಟ್ಟಿನ ಮಾಸ್ಟರ್. ಹೈಸ್ಕೂಲಿನಲ್ಲಿರುವಾಗಲೇ ನನಗೆ ಟ್ರಾಂಬೋನ್ ಕಲಿಸಿದ್ದರು. ಬ್ಯಾಂಡಿನಲ್ಲಿ ಸ್ವರಲಿಪಿ ಬರೆಯಲು ಬರುತ್ತಿದ್ದುದು ನನಗೊಬ್ಬಳಿಗೆ.

ಹಾಡುಗಳು ನಮ್ಮವೇ, ತುಳು ಬೆರೆತ ಕನ್ನಡದವು. ಒಂದರಲ್ಲಿ ಗಲ್ಫಿನಿಂದ ಬಂದ ಒಂದೇ ಸೆಂಟಿನ ಬಾಟ್ಲಿ ಇಡೀ ಮದುವೆಮನೆಯನ್ನು ಸುತ್ತಿ ಬರುತ್ತಿತ್ತು. ಇನ್ನೊಂದು ಬಸ್ಸಿನ ಹಾಡು. ಕಾಲಿಡಲು ಜಾಗವಿಲ್ಲದಿದ್ದರೂ ಕಂಡಕ್ಟರ್ "ಪಿರ ಪೋಲೆ, ಪಿರ ಪೋಲೆ" ಎಂದು ಎಲ್ಲರನ್ನೂ ಹಿಂದಕ್ಕೆ ಅಟ್ಟುತ್ತಲೇ ಇರುತ್ತಾನೆ. ನಡುವೆ ಹಾಡಿನ ಮಾತು ನಿಂತು, ಬಸ್ಸು ಚಾರ್ಮಾಡಿಯ ತಿರುವುಗಳಲ್ಲಿ ಗೇರು ಬದಲಿಸುತ್ತ ಏದುವ ಹಾಗೆ ಟ್ರಾಂಬೋನ್ ಒಂದೇ ಊದಬೇಕು. ಆ ಭಾಗ ಕಟ್ಟಿದವಳೂ ನಾನೇ. ಜನ ಕುರ್ಚಿ ಬಿಟ್ಟು ಕುಣಿಯುತ್ತಿದ್ದುದೂ ಅಲ್ಲಿಯೇ.

ಮೊದಲ ಕಾರ್ಯಕ್ರಮಕ್ಕೆ ಒಂದು ವಾರವಿದ್ದಾಗ ಗಿಟಾರಿನವನು ನನ್ನನ್ನು ಬದಿಗೆ ಕರೆದ.

"ಕೆನ್ನೆ ಉಬ್ಬಿಸ್ಕೊಂಡು ನೀನು ಸ್ಟೇಜಲ್ಲಿ ನಿಂತ್ರೆ ಜನ ನಗಾಡ್ತಾರೆ. ಮತ್ತೆ ನಿಂಗೇ ಬೇಜಾರು."

ಸರಿಯಾಗಿ ಊದುವವರ ಕೆನ್ನೆ ಉಬ್ಬುವುದೇ ಇಲ್ಲ. ಅಷ್ಟೂ ಅವನಿಗೆ ತಿಳಿದಿರಲಿಲ್ಲ.

ಅವನಿಗೆ ದಾರಿ ತೋರಿಸಿದ್ದು ಮಾತ್ರ ನಾನೇ ಹಿಂದೊಮ್ಮೆ ತಮಾಷೆಗೆ ಹೇಳಿದ್ದ ಒಂದು ಮಾತು. ಮದುವೆಮನೆಯವರು ಹನ್ನೆರಡು ಜನರ ಸೆಟ್ ಬೇಕೆಂದು ಕೇಳಿ, ಊದುವವರು ಒಂಬತ್ತೇ ಮಂದಿ ಸಿಕ್ಕಿದರೆ, ಅಪ್ಪ ಇನ್ನು ಮೂವರಿಗೆ ಯೂನಿಫಾರ್ಮ್ ತೊಡಿಸಿ ಕೈಗೊಂದು ವಾದ್ಯ ಕೊಡುತ್ತಿದ್ದರು. ಅವರು ಊದುತ್ತಿರಲಿಲ್ಲ, ಊದಿದಂತೆ ಮಾಡುತ್ತ ನಡೆಯುತ್ತಿದ್ದರು.

"ನಾವೂ ಹಾಗೇ ಮಾಡುವ" ಎಂದ. "ನೀನು ಪರದೆ ಹಿಂದೆ ಊದು. ಎದುರು ಒಬ್ಬನನ್ನು ನಿಲ್ಲಿಸ್ತೇನೆ."

ನಾನು ಒಪ್ಪಿದೆ. ಅದಕ್ಕೆ ನನ್ನ ಮೇಲೆಯೇ ಇರುವ ಸಿಟ್ಟು ಬೇರೆ. ಮನೆಯಲ್ಲಿದ್ದ ಹಳೆಯ, ನೆಗ್ಗಿದ ಟ್ರಾಂಬೋನನ್ನು ನಾನೇ ತಂದು ತರಗತಿಯ ಗೆಳೆಯನೊಬ್ಬನ ಕೈಗೆ ಕೊಟ್ಟೆ. ಕೊಳವೆಯನ್ನು ಯಾವಾಗ ಹೊರಕ್ಕೆ ತಳ್ಳಬೇಕು, ಯಾವಾಗ ಒಳಕ್ಕೆ ಎಳೆಯಬೇಕು ಎಂದು ಕಲಿಸಿದವಳೂ ನಾನೇ. ಅವನು ಕೆನ್ನೆಗಳನ್ನು ತೆಂಗಿನಕಾಯಿಯಷ್ಟು ಉಬ್ಬಿಸುತ್ತಿದ್ದ.

ಎರಡನೆಯ ವರ್ಷ ಮೂಡಬಿದಿರೆಯ ಒಂದು ಸ್ಪರ್ಧೆಯಲ್ಲಿ ಅತ್ಯುತ್ತಮ ವಾದ್ಯಗಾರನ ಬಹುಮಾನ ಅವನಿಗೆ ಬಂತು. ಹೆಸರು ಕರೆದಾಗ ಅವನು ಒಂದು ಕ್ಷಣ ಗಿಟಾರಿನವನ ಮುಖ ನೋಡಿದ. ಆಮೇಲೆ ಹೋಗಿ ಶೀಲ್ಡ್ ತೆಗೆದುಕೊಂಡ, ಕೈ ಮುಗಿದ. ತೀರ್ಪುಗಾರರೊಬ್ಬರು ಮೈಕಿನಲ್ಲಿ ಅವನ ಉಸಿರಿನ ಹಿಡಿತವನ್ನು ಹೊಗಳಿದರು. ನಾನು ಪರದೆಯ ಹಿಂದೆ ಟ್ರಾಂಬೋನಿನ ಕೊಳವೆಯಲ್ಲಿ ಸೇರಿದ್ದ ಎಂಜಲು ನೀರು ಚೆಲ್ಲುತ್ತಿದ್ದೆ.

"ಇನ್ನು ಮುಂದೆ ನಾನು ಎದುರು ನಿಲ್ತೇನೆ" ಎಂದು ಅಂದೇ ಹೇಳಿದೆ.

"ಈಗ ಹೇಗೆ ಆಗ್ತದೆ? ಅವನಿಗೆ ಪ್ರೈಜ್ ಬಂದಾಗಿದೆ" ಎಂದ ಗಿಟಾರಿನವನು.

ಇಷ್ಟು ದಿನ ನಾನು ಹಿಂದೆ ನಿಲ್ಲಲು ಜನ ನಗುತ್ತಾರೆಂಬ ಕಾರಣವಿತ್ತು. ಈಗ ಅವನು ಗೆದ್ದದ್ದೇ ಕಾರಣ.

ಮುಂದಿನ ಕಾರ್ಯಕ್ರಮ ಬೆಳ್ತಂಗಡಿಯಲ್ಲಿ, ಒಂದು ಭಾನುವಾರ ಮಧ್ಯಾಹ್ನ. ಬಸ್ಸಿನ ಹಾಡು ಬಂತು. ಮಾತು ನಿಂತಿತು. ನಾನು ಟ್ರಾಂಬೋನನ್ನು ತುಟಿಯಿಂದ ತೆಗೆದು ನೆಲದ ಮೇಲೆ ಇಟ್ಟೆ.

ಎದುರು ನಿಂತವನು ಕೊಳವೆಯನ್ನು ತಳ್ಳಿದ, ಎಳೆದ, ಮತ್ತೆ ತಳ್ಳಿದ. ಸದ್ದಿಲ್ಲ. ಡ್ರಮ್ಮು ಒಂಟಿಯಾಗಿ ಓಡುತ್ತಿತ್ತು. ಮೊದಲ ಸಾಲಿನಲ್ಲಿ ಒಬ್ಬರು ನಕ್ಕರು, ಬಳಿಕ ಹಾಲ್ ಇಡೀ ನಕ್ಕಿತು. "ಗಾಳಿ ಹೋಯ್ತಾ ಮಾರಾಯ? ಪಂಪ್ ಬೇಕಾ?" ಎಂದು ಯಾರೋ ಹಿಂದಿನಿಂದ ಕೂಗಿದರು.

"ಊದು" ಎಂದು ಗಿಟಾರಿನವನು ಪರದೆಯ ಕಡೆ ಹಲ್ಲು ಕಚ್ಚಿ ಹೇಳಿದ. ನಾನು ಕೈ ಕಟ್ಟಿಕೊಂಡು ನಿಂತಿದ್ದೆ.

ಕಾರ್ಯಕ್ರಮ ಮುಗಿದ ಮೇಲೆ ಗಿಟಾರಿನವನು ಬಂದ. ಶೀಲ್ಡ್ ಪಡೆದವನು ಅವನ ಹಿಂದೆ ತಲೆ ತಗ್ಗಿಸಿ ನಿಂತಿದ್ದ.

"ನೀನು ಬೇಕೂಂತ ಮಾಡಿದ್ದು."

"ಹೌದು."

"ಇವನ ಮರ್ಯಾದೆ ಏನಾಯ್ತು?"

"ಟ್ರಾಂಬೋನ್ ಇವನ ಕೈಯಲ್ಲೇ ಉಂಟಲ್ಲ. ಊದ್ಲಿಕ್ಕೆ ಬೇಡ ಅಂತ ಯಾರು ಹೇಳಿದ್ದು?"

ಗಿಟಾರಿನವನು ದನಿ ತಗ್ಗಿಸಿದ. "ಆಯ್ತು, ಬಂಟ್ವಾಳದ ಪ್ರೋಗ್ರಾಮಿಗೆ ನೀನೂ ಮೇಲೆ ಬಾ. ಡ್ರಮ್ಮಿನ ಹಿಂದೆ ಒಂದು ಕುರ್ಚಿ ಹಾಕ್ತೇವೆ. ಅವನು ಎದುರೇ ಇರ್ಲಿ."

ಅದನ್ನು ಅವನು ದೊಡ್ಡ ಮನಸ್ಸಿನಿಂದ ಹೇಳಿದ್ದ. ಅದೇ ನನ್ನನ್ನು ಹೆಚ್ಚು ಕೆರಳಿಸಿತು. ಹಳೆಯ ಟ್ರಾಂಬೋನನ್ನು ವಾಪಸು ಕೇಳಿದೆ. ಎರಡೂ ಪೆಟ್ಟಿಗೆಗಳನ್ನು ಹಿಡಿದು ಬಸ್ ಸ್ಟ್ಯಾಂಡಿಗೆ ನಡೆದೆ.

ಬಂಟ್ವಾಳದಲ್ಲಿ ಅವರು ಆ ಭಾಗವನ್ನು ಕೀಬೋರ್ಡಿನಲ್ಲಿ ನುಡಿಸಿದರಂತೆ. ಮರುವರ್ಷ ಬ್ಯಾಂಡು ಮುಗಿಯಿತು. ಇಷ್ಟು ವರ್ಷಗಳಾದ ಮೇಲೆ ಕೋಪ ಇಳಿದಿರಬೇಕಲ್ಲ ಎಂದು ಗೆಳತಿಯರು ಕೇಳುತ್ತಾರೆ. ಇಳಿದಿಲ್ಲ. ಇಳಿಯಲು ಕಾರಣವನ್ನೂ ಯಾರೂ ಕೊಟ್ಟಿಲ್ಲ.