ನೆಲದ ನೀರು, ಕಿವಿಯ ನೀರು

ಗೋಡೆಗೂ ಕಿವಿಯಿದೆ ಎನ್ನುತ್ತಾರೆ; ಆ ಊರಿನ ನೆಲಕ್ಕಿದ್ದ ಕಿವಿ ಮಾತ್ರ ಇವಳೊಬ್ಬಳದೇ. ನೀರು ಸರಬರಾಜು ಕಚೇರಿಯಲ್ಲಿ ಅವಳನ್ನು ಎಲ್ಲರೂ ಕರೆಯುತ್ತಿದ್ದುದು ಕಿವಿಯಮ್ಮ ಎಂದೇ. ಉಕ್ಕಿನ ಸರಳನ್ನು ರಸ್ತೆಗೆ ಊರಿ, ತುದಿಗೆ ಕಿವಿಯಿಟ್ಟು, ಕೆಳಗೆ ಪೈಪು ಎಲ್ಲಿ ಸೋರುತ್ತಿದೆಯೆಂದು ಹೇಳುವುದು ಅವಳ ಕೆಲಸ. ಹೇಳಿದಲ್ಲಿ ಅಗೆದರೆ ನೀರು ಸಿಕ್ಕೇ ಸಿಗುತ್ತಿತ್ತು.

ಗಂಡ ತೀರಿಕೊಂಡ ವರ್ಷ ಆ ಗುರಿ ತಪ್ಪತೊಡಗಿತು. ಎರಡು ಬೀದಿ ಅಗೆಸಿದಳು. ಬೆಟ್ಟ ಅಗೆದು ಇಲಿ ಹಿಡಿದರಂತೆ. ಇಲ್ಲಿ ಇಲಿಯೂ ಇಲ್ಲ, ಬರೀ ಒಣಮಣ್ಣು. ಇನ್ನೊಂದು ಗುಂಡಿ ಹೀಗಾದರೆ ಸರಳು ವಾಪಸ್ ಕೊಡಿ ಎಂದರು ಸಾಹೇಬರು. ಆದರೆ ಸದ್ದು ಕೇಳಿದ್ದು ನಿಜ. ಬಟ್ಟೆ ಮಡಚುವಾಗ ಕಪಾಟಿನ ಹಿಂದೆ, ಒರಗಿದರೆ ದಿಂಬಿನೊಳಗೆ, ಅದೇ ನೀರು. ದಿಂಬು ಸೋರುವುದುಂಟೇ! ಅವಳಿಗೆ ಹೆದರಿಕೆಯಾಯಿತು.

"ನೀರಿರೋದು ನಿಮ್ಮ ಕಿವಿಯೊಳಗೇ," ಎಂದರು ಕಿವಿ ಡಾಕ್ಟರು. "ಅಲ್ಲೊಂದು ಪುಟ್ಟ ಕೋಣೆ ತುಂಬ ಉಪ್ಪುನೀರು. ಲವಣ ಒಳಗೆ ಬಿಡೋಕೆ, ಹೊರಗೆ ಹಾಕೋಕೆ ಗೋಡೆ ತುಂಬ ಸಣ್ಣ ಸಣ್ಣ ಬಾಗಿಲು. ಚಿಂತೆ ಹೆಚ್ಚಾದಾಗ ಮೂತ್ರಪಿಂಡದ ಮೇಲಿನ ಗ್ರಂಥಿ ಹಾರ್ಮೋನು ಸುರಿಸುತ್ತೆ. ಅದು ಆ ಬಾಗಿಲುಗಳಿಗೂ ಅಪ್ಪಣೆ ಕೊಡುತ್ತೆ. ಲೆಕ್ಕ ತಪ್ಪಿದ್ರೆ ನೀರು ಏರುಪೇರಾಗಿ ಹೀಗೆ ಮೊರೆಯುತ್ತೆ ಅಂತ ನನ್ನ ಅನುಮಾನ."

"ಹಾಗಾದ್ರೆ ಹೆದರಿದಷ್ಟೂ ಜಾಸ್ತಿ?"

"ಹೌದು. ಸಮಾಧಾನವಾದ್ರೆ ಇಳೀಬಹುದು."

ಅಂದಿನಿಂದ ಸದ್ದು ಬಂದರೆ ಅವಳು ಸುಮ್ಮನೆ ಕೂರುತ್ತಿದ್ದಳು. ಇಳಿದದ್ದೆಲ್ಲ ಕಿವಿಯದು, ಇಳಿಯದೆ ಉಳಿದದ್ದು ನೆಲದ್ದು.

ತುಂಬು ಬಸುರಿ ಮಗಳ ಬಾಡಿಗೆ ಮನೆಗೆ ಹೋದ ಮಧ್ಯಾಹ್ನ, ಮಂಚದ ಕೆಳಗಿಂದ ಮೊರೆತ ಎದ್ದಿತು. ಮಂಚದ ಮೇಲೆ ಮಲಗಿದ್ದ ಮಗಳು ಕೇಳಿದಳು:

"ಮತ್ತೆ ಶುರುವಾಯ್ತಾ ಅಮ್ಮ?"

"ಇಳಿಯುತ್ತೆ, ಇರು."

ಕಣ್ಣು ಮುಚ್ಚಿ ಕೂತಳು. ಉಸಿರು ಹದಕ್ಕೆ ಬಂತು. ಮೊರೆತ ಮೆಲ್ಲಗೆ ಇಳಿಯಿತು, ಪೂರ್ತಿ ನಿಂತಿತು. ಅದರಡಿಯಲ್ಲಿ ಇನ್ನೊಂದು ಸದ್ದಿತ್ತು. ತೆಳ್ಳಗೆ, ನೀರಿನೊಂದಿಗೆ ನೆಲದಡಿಯ ಮರಳು ಜಾರಿದಂತೆ. ಮನಸ್ಸಿನಲ್ಲಿ ಎಳ್ಳಷ್ಟೂ ಭಯವಿರಲಿಲ್ಲ. ಆದರೂ ಅದು ಇಳಿಯಲಿಲ್ಲ.

ಆಗ ಭಯ ಬಂತು. ಜೊತೆಗೇ ಮೊರೆತವೂ ಮರಳಿ ಎಲ್ಲವನ್ನೂ ಮುಳುಗಿಸಿತು. ಮಗಳ ಮಣಿಕಟ್ಟು ಹಿಡಿದು ದರದರ ಬೀದಿಗೆ ಎಳೆದು ತಂದಳು.

ಎದುರು ನಿಂತ ಮಗಳ ತುಟಿ ಅಲುಗುತ್ತಿತ್ತು. "ನಿನ್ನ ಕಿವಿನೇ ಕಣಮ್ಮ ಅದು" ಎಂದಿರಬೇಕು. ಮನೆಯತ್ತ ಹೆಜ್ಜೆ ಇಡಲು ಹೋದಳು. ತಾಯಿ ಎರಡೂ ಭುಜ ಹಿಡಿದು ತಡೆದಳು.

ಬೆನ್ನ ಹಿಂದೆ ಕೋಣೆಯ ನೆಲ ಕುಸಿದ ಸದ್ದು ಕಿವಿಯಮ್ಮನಿಗೆ ಕೇಳಲಿಲ್ಲ. ಮಗಳ ಮುಖದಲ್ಲಿ ಕಂಡಿತು.